ಒಂದೇ ಸ್ವಿಚ್ಚು

ಗಾಲ್ಫ್ ಕ್ಲಬ್ಬಿನ ಬ್ಯಾಟರಿ ಗಾಡಿ ನೋಡಿಕೊಳ್ಳುವ ಚೆಲುವಯ್ಯನಿಗೆ ಇದ್ದದ್ದು ಒಂದೇ ಪೀಡೆ, ಸೆಕ್ರೆಟರಿ ಅಶ್ವತ್ಥರಾಯರು. ಸಂಜೆ ಮನೆಗೆ ಹೊರಡುವಾಗ, ಸುಮ್ಮನೆ ಕರೆಂಟು ದಂಡ ಎಂದು ಚಾರ್ಜರಿನ ಸ್ವಿಚ್ಚನ್ನು ತಾವೇ ಆರಿಸಿ ಹೋಗುತ್ತಿದ್ದರು. ಬೆಳಗ್ಗೆ ಗಾಡಿ ಮೈದಾನದ ನಡುವೆ ನಿಂತುಬಿಡುತ್ತಿತ್ತು.

“ಇನ್ನೊಂದು ಸಲ ನಿಂತರೆ ನಿನ್ನ ಕೆಲಸ ಹೋಯಿತು ಅಂತ ತಿಳ್ಕೋ,” ಎಂದರು ರಾಯರು.

“ರಾತ್ರಿ ಪೂರ್ತಿ ಚಾರ್ಜ್ ಆಗದಿದ್ರೆ ಬ್ಯಾಟರಿ ಬಾಳಲ್ಲ ಸಾರ್.”

“ನನಗೇ ಪಾಠ ಹೇಳ್ತೀಯಾ?”

ಮರುದಿನ ಚೆಲುವಯ್ಯ ಶೆಡ್ಡಿನ ಗೋಡೆಗೆ ಆಂಜನೇಯನ ಪಟ ತೂಗುಹಾಕಿ, ಮುಂದೊಂದು ಕೆಂಪು ಜೀರೋ ಬಲ್ಬು ಹಾಕಿದ. ಅದರ ವೈರನ್ನು ಚಾರ್ಜರಿನ ಸ್ವಿಚ್ಚಿಗೇ ಕೊಟ್ಟ.

ಸಂಜೆ ರಾಯರು ಸ್ವಿಚ್ಚು ಒತ್ತಿದರು. ದೇವರ ಮುಂದಿನ ದೀಪ ಆರಿತು. ರಾಯರು ಶನಿವಾರ ತಪ್ಪದೆ ಉಪವಾಸ ಮಾಡುವ ಮನುಷ್ಯ. ಗಡಬಡಿಸಿ ಮತ್ತೆ ಹಾಕಿ, ಚಪ್ಪಲಿ ಬಿಟ್ಟು, ಕೆನ್ನೆ ಬಡಿದುಕೊಂಡು ಹೊರಟರು. ಮರೆಯಲ್ಲಿ ನಿಂತಿದ್ದ ಚೆಲುವಯ್ಯನಿಗೆ ಹೋದ ಜೀವ ಬಂದಂತಾಯಿತು.

ವರ್ಷವಾಯಿತು. ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಚೆಲುವಯ್ಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದಾಗ ರಾಯರು ಬಂದು, “ನೋಡಿದೆಯಾ, ಎಲ್ಲ ಸ್ವಾಮಿಯ ದಯೆ,” ಎಂದರು.

“ಹೌದು ಸಾರ್,” ಎಂದ ಚೆಲುವಯ್ಯ, “ತೀರ್ಥ ಹಾಕೋದಷ್ಟೇ ನನ್ನ ಕೆಲಸ.”