ದರ್ಜಿಯ ಮಗಳು ಹೇಳಿದ ನಿಜ

“ಹಜ್ರತ್, ಬೆಳಿಗ್ಗೆ ಮದರಸದಲ್ಲಿ ನಾನು ಕಲಿಸಿದ್ದನ್ನು ಮನೆಯವರು ಸಂಜೆಯೊಳಗೆ ಕೆಡಿಸಿಬಿಡುತ್ತಾರೆ. ಇಂಥ ತಂದೆತಾಯಿಯರ ಮಕ್ಕಳಿಗೆ ಒಳ್ಳೆಯ ನಡತೆ ಕಲಿಸುವುದು ಹೇಗೆ?” ಎಂದು ಯುವ ಶಿಕ್ಷಕ ಜಕರಿಯ ತನ್ನ ಗುರುಗಳನ್ನು ಕೇಳಿದ.

ಗುರುಗಳು ಹೇಳಿದರು:

ಒಬ್ಬ ದರ್ಜಿ ಇದ್ದ. ಅವನ ಮಗಳು ಸಫೂರಾ ಮದರಸಕ್ಕೆ ಹೋಗುತ್ತಿದ್ದಳು. ನಿಜ ಹೇಳುವವರು ಯಾರಿಗೂ ಅಂಜಬೇಕಿಲ್ಲ ಎಂದು ಅಲ್ಲಿ ಪಾಠ ಹೇಳುವ ಉಸ್ತಾದ್ ಕಲಿಸಿದ್ದರು. ಒಂದು ದಿನ ಅವಳು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತಳು. ಯಾರದೋ ಮದುವೆಗೆಂದು ಹೊಲಿದಿದ್ದ ಅಂಗಿ ಸುಟ್ಟುಹೋಯಿತು. ಅವಳು ತಾನಾಗಿಯೇ ಹೋಗಿ ತಂದೆಗೆ ಹೇಳಿದಳು. ದರ್ಜಿ ಅವಳ ಕೆನ್ನೆಗೆ ಹೊಡೆದ.

ಕೆಲವು ದಿನಗಳ ಬಳಿಕ, ಕುರಾನ್ ಇಟ್ಟು ಓದುವ ಮರದ ಪೀಠವೊಂದು ಮದರಸದಲ್ಲಿ ಮುರಿಯಿತು. ಮುರಿದವಳು ಸಫೂರಾ. ಉಸ್ತಾದ್ ಕೇಳಿದಾಗ ಅವಳು ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಮೈಮೂನಳ ಮೇಲೆ ಅನುಮಾನ ಬಂತು. ನಾನಲ್ಲ ಎಂದು ಅವಳು ಎಷ್ಟು ಹೇಳಿದರೂ ನಂಬದೆ ಉಸ್ತಾದ್ ಅವಳನ್ನು ಹೊರಗೆ ನಿಲ್ಲಿಸಿದರು. ಮರುದಿನದಿಂದ ಅವಳು ಬರಲಿಲ್ಲ.

ನಾಲ್ಕನೆಯ ದಿನ ಸಫೂರಾ ತಡೆಯಲಾರದೆ ಉಸ್ತಾದರ ಬಳಿ ಹೋಗಿ ತಪ್ಪು ಒಪ್ಪಿಕೊಂಡಳು.

“ಅಂದೇ ಏಕೆ ಹೇಳಲಿಲ್ಲ?”

“ಮನೆಯಲ್ಲಿ ಹೇಳಿ ನೋಡಿದ್ದೆ, ಉಸ್ತಾದ್.”

ಅಂಗಿಯ ವಿಷಯ ಹೊರಬಂತು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಉಸ್ತಾದ್ ದರ್ಜಿಯ ಅಂಗಡಿಯತ್ತ ಹೊರಟರು. ಅವನಿಗೆ ನಾಲ್ಕು ಮಾತು ಬೈದೇ ಬರಬೇಕೆಂದಿದ್ದರು. ದಾರಿಯಲ್ಲಿ ಮೈಮೂನಳ ಮುಖ ನೆನಪಾಯಿತು. ನಡಿಗೆ ನಿಧಾನವಾಯಿತು.

“ನಿಜ ಹೇಳಿದ ಮಗಳನ್ನು ನೀವು ಹೊಡೆದಿರಿ. ನಿಜ ಹೇಳಿದ ಇನ್ನೊಬ್ಬಳನ್ನು ನಾನು ಹೊರಗೆ ನಿಲ್ಲಿಸಿದೆ,” ಎಂದು ಅಂಗಡಿ ತಲುಪಿದ ಉಸ್ತಾದ್ ಹೇಳಿದರು.

ದರ್ಜಿ ಹೊಲಿಗೆ ನಿಲ್ಲಿಸಿದ. “ಇಸ್ತ್ರಿಪೆಟ್ಟಿಗೆಯನ್ನು ಬೆಕ್ಕು ಬೀಳಿಸಿತು ಅಂತ ಅವಳು ಸುಳ್ಳು ಹೇಳಿದ್ದರೆ ನಂಬಿಬಿಡುತ್ತಿದ್ದೆ, ಉಸ್ತಾದ್. ನೀವು ಅವಳಿಗೆ ಏನು ಕಲಿಸುತ್ತೀರಿ ಎಂದು ನಾನು ಒಮ್ಮೆಯೂ ಕೇಳಿದವನಲ್ಲ.”

“ನಾನೂ ಬಂದು ಹೇಳಿದವನಲ್ಲ.”

ಮರುದಿನ ಉಸ್ತಾದ್, ದರ್ಜಿ, ಸಫೂರಾ ಮೂವರೂ ಮೈಮೂನಳ ಮನೆಗೆ ಹೋದರು. ಅವಳ ತಾಯಿ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಮೊದಲು ಕ್ಷಮೆ ಕೇಳಿದವರು ಉಸ್ತಾದ್. ವಾರದ ನಂತರ ಮೈಮೂನ ಮದರಸಕ್ಕೆ ಬಂದಳು. ಸಫೂರಾಳ ಪಕ್ಕದಲ್ಲಿ ಮಾತ್ರ ಬಹಳ ದಿನ ಕೂರಲಿಲ್ಲ. ಆಮೇಲೆ ಉಸ್ತಾದ್ ಪ್ರತಿ ವಾರ ಕೆಲವು ಮನೆಗಳಿಗೆ ಹೋಗತೊಡಗಿದರು. ತಾವು ಕಲಿಸಿದ್ದನ್ನು ಹೇಳುತ್ತಿದ್ದರು, ಮನೆಯಲ್ಲಿ ನಡೆದದ್ದನ್ನು ಕೇಳುತ್ತಿದ್ದರು. ದರ್ಜಿಯೂ ಬಿಡುವಾದಾಗ ಮದರಸಕ್ಕೆ ಬಂದು ಕೂರುತ್ತಿದ್ದ.

ಇಷ್ಟು ಹೇಳಿ ಗುರುಗಳು ಶಿಷ್ಯನ ಕಡೆ ತಿರುಗಿದರು.

“ಜಕರಿಯ, ನೀನು ಕಲಿಸುವ ಮಕ್ಕಳಲ್ಲಿ ಎಷ್ಟು ಜನರ ಮನೆಗೆ ಈವರೆಗೆ ಹೋಗಿದ್ದೀಯ?”