ತೂತು ಮರದ ಪಂಡಿತ

ಬೋಳುಗುಡ್ಡದ ಹಿಂದೆ ಒಂದು ಕುರುಚಲು ಕಾಡು. ಕಾಡು ಅಂದ ತಕ್ಷಣ ಹುಲಿ, ಸಿಂಹ ಅಂತ ಕಣ್ಣು ಬಿಡಬೇಡಿ. ಅಲ್ಲಿದ್ದದ್ದು ಜಿಂಕೆ, ಹಂದಿ, ಮೊಲ, ಒಂದಷ್ಟು ಹಕ್ಕಿಗಳು, ಅಷ್ಟೇ. ನಡುವೆ ಒಂದು ಕುಂಟೆ. ಬೇಸಿಗೆ ಬಂತೆಂದರೆ ಅದರ ನೀರು ಬಾಣಲೆಯ ತಳದ ಎಣ್ಣೆಯಷ್ಟಾಗುತ್ತಿತ್ತು. ಎಲ್ಲರಿಗೂ ಬಾಯಾರಿಕೆ, ಎಲ್ಲರಿಗೂ ಅವಸರ. ಅದಕ್ಕೇ ಯಾರು ಮೊದಲು ಕುಡಿಯಬೇಕು, ಯಾರು ಆಮೇಲೆ ಅಂತ ಸರದಿ ಹೇಳಲು ಆಮೆಜ್ಜಿ ಇದ್ದಳು.

ದಡದಲ್ಲಿ ಹೊಂಗೆ ಮರದ ಕೆಳಗೆ ಒಂದು ಚಪ್ಪಟೆ ಕಲ್ಲು. ಅಜ್ಜಿ ಕೂರುವುದು ಅದರ ಮೇಲೆ. ಕೂತವರಿಗೆ ನೆರಳೂ ಉಂಟು, ದಿನಾ ಮೊದಲ ಗುಟುಕೂ ಉಂಟು. ಯಾರಿಗೆ ಬೇಡ ಹೇಳಿ?

ಒಂದು ದಿನ ಅಜ್ಜಿ ಎಲ್ಲರನ್ನೂ ಕರೆದಳು.

"ನನ್ನ ಕೈಲಿ ಇನ್ನು ಆಗಲ್ಲ ಕಣ್ರಪ್ಪ. ಮೊದಲ ಮಳೆಮೋಡ ಕಂಡ ದಿನ ಈ ಕಲ್ಲು ಬೇರೆಯವರಿಗೆ ಕೊಡ್ತೀನಿ. ಆದರೆ ಸರದಿ ಹೇಳೋರಿಗೆ ನಿಮ್ಮೆಲ್ಲರ ನಡವಳಿಕೆ ಗೊತ್ತಿರಬೇಕು. ಯಾರಿಗೆ ಯಾರನ್ನ ಕಂಡರೆ ಆಗಲ್ಲ, ಯಾರಿಗೆ ಯಾರು ಹೆದರ್ತಾರೆ, ಎಲ್ಲ ಕೂತು ನೋಡಿ ಕಲಿತಿರಬೇಕು."

ಹೀಗೆ ಕೂತು ನೋಡುವವರು ಆ ಕಾಡಿನಲ್ಲಿ ಇಬ್ಬರೇ. ಒಬ್ಬಳು ಹುಣಸೆ ಮರದ ಕಾಡುಪಾಪ. ಬೊಗಸೆಗಣ್ಣಿನವಳು, ಒಂದು ಕೊಂಬೆ ಹಿಡಿದು ಕೂತಳೆಂದರೆ ಎಲೆ ಅಲ್ಲಾಡಿದರೂ ಅವಳು ಅಲ್ಲಾಡಳು. ಎಲ್ಲರೂ ಅವಳನ್ನು ಪಾಪಕ್ಕ ಅನ್ನುತ್ತಿದ್ದರು. ಇನ್ನೊಬ್ಬ ಪುನುಗು ಬೆಕ್ಕು, ಹೆಸರು ಪುನುಗಪ್ಪ. ಕುಂಟೆ ಪಕ್ಕದ ದೊಡ್ಡ ಅತ್ತಿ ಮರದ ಪೊಟರೆಯಲ್ಲಿ ಅಮ್ಮನ ಜೊತೆ ಇದ್ದ. ಅವನು ಬರುವ ಮೊದಲೇ ಅವನ ವಾಸನೆ ಬರುತ್ತಿತ್ತು. ವಾಸನೆ ಬರುವ ಮೊದಲೇ ಅವನ ಮಾತು ಬರುತ್ತಿತ್ತು.

"ಇಬ್ಬರಲ್ಲಿ ಯಾರು ಜಾಣರು ಅಂತ ಹೇಗೆ ಗೊತ್ತಾಗೋದು ಅಜ್ಜಿ?" ಅಂತ ಮೊಲ ಕೇಳಿತು.

"ಅವರು ಹೇಳಿದ್ದನ್ನೆಲ್ಲ ಕೂತು ಕೇಳೋಕೆ ನನಗೆಲ್ಲಿ ಪುರುಸೊತ್ತು? ಯಾರ ಹೆಸರು ಜಾಸ್ತಿ ಬಾಯಲ್ಲಿ ಓಡಾಡುತ್ತೋ ಅವರೇ ಜಾಣರು. ಏಯ್ ಟಕ್ಕಣ್ಣ, ಲೆಕ್ಕ ನಿಂದು."

ಟಕ್ಕಣ್ಣ ಅಂದರೆ ಮರಕುಟಿಗ. ಕುಟ್ಟುವ ಕೆಲಸ ಸಿಕ್ಕಿತೆಂದು ಅವನ ಕೆಂಪು ಜುಟ್ಟು ನಿಗುರಿತು. "ಸರಿ. ಯಾರ ಹೆಸರು ಬಾಯಲ್ಲಿ ಬಂತೋ ಅವರ ಮನೆ ಮರಕ್ಕೆ ಒಂದು ತೂತು. ಅದಲು ಬದಲಾಗಬಾರದು ನೋಡಿ."

ಪುನುಗಪ್ಪ ಮೀಸೆ ತಿರುವಿದ. "ನನ್ನ ಹೆಸರು ನಾನೇ ಹೇಳಿಕೊಂಡರೆ?"

"ಬಾಯಿ ಯಾರದ್ದಾದರೆ ನನಗೇನು?"

"ಯಾರಾದರೂ ಬೈದರೆ?"

"ನೋಡಪ್ಪ, ಕುಟ್ಟೋದು ನನ್ನ ಕೆಲಸ. ಹೊಗಳಿದರೋ ಉಗಿದರೋ ವಿಚಾರಿಸೋದು ನನ್ನ ಕೆಲಸ ಅಲ್ಲ."

ಪುನುಗಪ್ಪ ನಕ್ಕ. ಆ ನಗು ನೋಡಿದ್ದರೆ ನೀವು ನಿಮ್ಮ ಬುತ್ತಿ ಡಬ್ಬಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಿರಿ.

ಮೊದಲು ಪಾಪಕ್ಕನ ಕತೆ ಹೇಳಿಬಿಡುತ್ತೇನೆ, ಚಿಕ್ಕದು. ಅವಳು ಇಡೀ ಬೇಸಿಗೆ ಕುಂಟೆಯ ಮೇಲಿನ ಕೊಂಬೆಯಲ್ಲಿ ಕೂತು ನೋಡಿದ್ದಳು. ಬೆಳಿಗ್ಗೆ ಹಂದಿಗಳು ಮೊದಲು ಬಂದು ನೀರಲ್ಲಿ ಹೊರಳಾಡಿ ರಾಡಿ ಮಾಡಿಬಿಡುತ್ತಿದ್ದವು. ಜಿಂಕೆಗಳು ಬಂದು ಮೂಸಿ, ಬಾಯಾರಿಕೊಂಡೇ ವಾಪಸು ಹೋಗುತ್ತಿದ್ದವು. ಮರಿ ಜಿಂಕೆಗಳ ಪಕ್ಕೆಲುಬು ಕಾಣುತ್ತಿತ್ತು. ಪಾಪಕ್ಕ ಹೇಳಿದ್ದು ಇಷ್ಟೇ: "ಹಂದಿಗೆ ಬೇಕಾಗಿರೋದು ಕೆಸರು, ಜಿಂಕೆಗೆ ಬೇಕಾಗಿರೋದು ನೀರು. ಜಿಂಕೆ ಮೊದಲು ಹೋಗಲಿ. ಜಗಳವೇ ಇರಲ್ಲ."

ಎಲ್ಲರೂ ಹಾಗೇ ಮಾಡಿದರು. ಜಗಳ ನಿಂತಿತು. ಆಮೇಲೆ ಅದು ಎಷ್ಟು ಅಭ್ಯಾಸವಾಯಿತೆಂದರೆ, ಹೇಳಿದ್ದು ಯಾರು ಅನ್ನುವುದೇ ಮರೆತುಹೋಯಿತು. ಒಲೆ ಮೇಲೆ ಅನ್ನ ಮಾಡುವುದನ್ನು ಯಾರು ಕಂಡುಹಿಡಿದರು ಅಂತ ಊಟಕ್ಕೆ ಕೂತಾಗ ನೀವೇನಾದರೂ ಕೇಳುತ್ತೀರಾ? ಹಾಗೇ ಇದೂ. ಪಾಪಕ್ಕನ ಹುಣಸೆ ಮರಕ್ಕೆ ಬಿದ್ದದ್ದು ಎರಡೇ ತೂತು. ಅದರಲ್ಲೂ ಒಂದು, ಟಕ್ಕಣ್ಣ ಹುಳ ಹುಡುಕುತ್ತಾ ಕುಟ್ಟಿದ್ದು.

ಇತ್ತ ಪುನುಗಪ್ಪ ಹರಟೆಮಲ್ಲರನ್ನು ಕರೆದ. ಹರಟೆಮಲ್ಲ ಹಕ್ಕಿಗಳು ಗೊತ್ತಲ್ಲ? ಗುಂಪಾಗಿ ಬರುತ್ತವೆ, ಒಂದು ಬಾಯಿ ತೆರೆದರೆ ಎಲ್ಲ ಬಾಯಿ ತೆರೆಯುತ್ತವೆ. ಕೊನೆಯ ಬೆಂಚಿನ ಹುಡುಗರ ಹಾಗೆ.

"ನನ್ನ ಮರದ ಅತ್ತಿಹಣ್ಣೆಲ್ಲ ನಿಮಗೇ," ಅಂದ. "ಒಂದೇ ಷರತ್ತು. ಏನೇ ಮಾತಾಡಿದರೂ 'ಪುನುಗಪ್ಪ ಹೇಳಿದ ಹಾಗೆ' ಅಂತ ಶುರು ಮಾಡಬೇಕು."

"ಅಷ್ಟೇನಾ? ಆಯ್ತು ಬಿಡು!"

ಮಾರನೆ ದಿನದಿಂದ ಕಾಡಿನಲ್ಲಿ ನಿದ್ದೆಯೇ ಇಲ್ಲ.

"ಪುನುಗಪ್ಪ ಹೇಳಿದ ಹಾಗೆ, ಇವತ್ತು ಬಿಸಿಲು!" ಟಕ್.

"ಪುನುಗಪ್ಪ ಹೇಳಿದ ಹಾಗೆ, ನನಗೆ ಹಸಿವು!" ಟಕ್.

"ಪುನುಗಪ್ಪ ಹೇಳಿದ ಹಾಗೆ, ಸರಿದು ಕೂತ್ಕೊಳೋ, ನನ್ನ ಬಾಲ ತುಳೀತಿದ್ದೀಯ!" ಟಕ್ ಟಕ್.

ಎರಡನೆಯದು ಯಾಕೆ ಅಂದರೆ ತುಳಿದವನೂ ಉತ್ತರ ಕೊಟ್ಟಿದ್ದ: "ಪುನುಗಪ್ಪ ಹೇಳಿದ ಹಾಗೆ, ಅದು ನಿನ್ನ ಬಾಲ ಅಲ್ಲ, ನಂದು!"

ಪುನುಗಪ್ಪನೂ ಸುಮ್ಮನಿರಲಿಲ್ಲ. ಬೆಳಗಾದರೆ ಒಂದು ಹೊಸ ಸಂಶೋಧನೆ. ಸೋಮವಾರ, "ಮೊಲಕ್ಕೆ ಎಡ ಕಿವಿ ಇದೆ." ಮಂಗಳವಾರ, "ಮೊಲಕ್ಕೆ ಬಲ ಕಿವಿಯೂ ಇದೆ." ಬುಧವಾರ, "ಪುನುಗಪ್ಪ ಮೊನ್ನೆ ಒಂದು ಕಿವಿ, ನಿನ್ನೆ ಇನ್ನೊಂದು ಕಿವಿ ತೋರಿಸಿಕೊಟ್ಟ. ಅವೆರಡೂ ಸೇರಿದರೆ ಕಿವಿಗಳು ಆಗುತ್ತವೆ ಅಂತ ಈಗ ಪುನುಗಪ್ಪ ತೋರಿಸಿಕೊಡ್ತಾನೆ." ಟಕ್ ಟಕ್. ಗುರುವಾರ ಮೊಲ ಎರಡೂ ಕಿವಿ ಮುಚ್ಚಿಕೊಂಡು ಬಿಲದೊಳಗೆ ಹೋಯಿತು.

ಅಷ್ಟಕ್ಕೂ ಅವನಿಗೆ ಸಮಾಧಾನವಾಗಲಿಲ್ಲ. ಹೊಗಳುವವರು ಹಣ್ಣು ಕೇಳುತ್ತಾರೆ, ಬೈಯುವವರು ಬಿಟ್ಟಿ ಬೈಯುತ್ತಾರೆ ಅಂತ ಅವನ ತಲೆಗೆ ಹೊಳೆಯಿತು. ತಕ್ಷಣ ಕುಂಟೆಯ ದಡಕ್ಕೆ ಹೋಗಿ ಕೂಗಿದ: "ಹಂದಿಗಳಿಗೆ ಬಾಯಾರಿಕೆಯೇ ಆಗಲ್ಲ! ಸುಮ್ಮನೆ ಮುಖ ನೋಡಿಕೊಳ್ಳೋಕೆ ನೀರಿಗೆ ಬರ್ತವೆ! ನಾನು ನೋಡಿ ತಿಳಿದದ್ದು!"

ಹಂದಿ ಮಾವ ಮೂತಿ ಮೇಲೆತ್ತಿದ. "ಯಾರೋ ಅದು? ಪುನುಗಪ್ಪನಾ? ಈ ಮುಖ ನೋಡಿಕೊಳ್ಳೋಕೆ ನಾನು ನೀರಿಗೆ ಬರ್ತೀನಾ? ಪುನುಗಪ್ಪ, ಸುಳ್ಳ! ಪುನುಗಪ್ಪ, ಬಾರೋ ಇಲ್ಲಿ!"

ಟಕ್ ಟಕ್ ಟಕ್.

"ಬೈಯಿ ಮಾವ, ಬೈಯಿ!" ಪುನುಗಪ್ಪ ಮರ ಏರಿ ಚಪ್ಪಾಳೆ ತಟ್ಟಿದ. "ಹೆಸರು ಹಿಡಿದು ಬೈಯಿ!"

ಹಂದಿ ಮಾವ ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಹೆಂಡತಿ ತಂಗಿಗೆ ಹೇಳಿದಳು. ಹಂದಿಗಳ ಸಂಸಾರ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಲ್ಲ. ಟಕ್ಕಣ್ಣನಿಗೆ ಆ ದಿನ ಊಟಕ್ಕೂ ಬಿಡುವಾಗಲಿಲ್ಲ.

ಅತ್ತಿ ಮರ ಈಗ ದೋಸೆ ಥರ ಕಾಣುತ್ತಿತ್ತು. ಪೊಟರೆಯಲ್ಲಿ ಅಮ್ಮ ಕಣ್ಣುಜ್ಜಿಕೊಂಡಳು.

"ಮಗಾ, ಮನೆ ಒಳಗೆಲ್ಲ ಬಿಸಿಲು ಬರ್ತಿದೆಯಲ್ಲೋ."

"ಅದು ಬಿಸಿಲಲ್ಲಮ್ಮ, ಕೀರ್ತಿ."

"ಗಾಳಿ ಬಂದರೆ ಗೋಡೆ ಪೀಪಿ ಊದ್ತಿದೆ."

"ಅದೂ ಕೀರ್ತಿನೇ."

"ನಿಮ್ಮಜ್ಜಿ ನನ್ನ ಹೆತ್ತದ್ದು ಇದೇ ಪೊಟರೆಲಿ ಕಣೋ. ನಿನ್ನ ನಾನು ಹೆತ್ತದ್ದೂ ಇಲ್ಲೇ. ಮರ ಬಿದ್ದುಹೋದರೆ ಎಲ್ಲಿಗೆ ಹೋಗೋಣ?"

"ಕಲ್ಲಿಗೆ! ಚಪ್ಪಟೆ ಕಲ್ಲಿನ ಮೇಲೆ ನಿನ್ನನ್ನೂ ಕೂರಿಸ್ತೀನಿ, ಸುಮ್ನಿರು."

ಅಮ್ಮ ಗೋಡೆಗೆ ಕೈ ಒತ್ತಿದಳು. ಕೈ ಆಚೆ ಕಡೆ ಹೋಯಿತು. ಅವಳು ನೇರ ಹುಣಸೆ ಮರಕ್ಕೆ ನಡೆದಳು. "ತಂಗಿ, ಒಂಚೂರು ಜಾಗ ಕೊಡ್ತೀಯಾ? ನಮ್ಮನೇಲಿ ಕೀರ್ತಿ ಜಾಸ್ತಿ ಆಗಿದೆ."

ಪಾಪಕ್ಕ ಸರಿದು ಕೂತಳು. ಆ ಸಂಜೆ ಅವಳೇ ಅತ್ತಿ ಮರದ ಹತ್ತಿರ ಹೋಗಿ ಕರೆದಳು.

"ಪುನುಗಪ್ಪ, ನಿನ್ನ ಮರ ವಾಲಿದೆ ಕಣೋ. ಆ ಹರಟೆಮಲ್ಲರ ಬಾಯಿ ಮುಚ್ಚಿಸು."

"ಹೊಟ್ಟೆಕಿಚ್ಚು!" ಅಂದ ಪುನುಗಪ್ಪ. "ನಿನಗೆ ಎರಡೇ ತೂತು ಅಂತ ಹೊಟ್ಟೆಕಿಚ್ಚು!"

"ಇರಬಹುದು," ಅಂದಳು ಪಾಪಕ್ಕ. "ಇನ್ನೊಂದೆರಡು ಬಿದ್ದಿದ್ದರೆ ನನಗೂ ಖುಷಿಯಾಗ್ತಿತ್ತು. ಸುಳ್ಳು ಯಾಕೆ ಹೇಳಲಿ? ಆದರೂ ಮರ ವಾಲಿದೆ."

"ಪುನುಗಪ್ಪ ಅಂತ ಕರೆದೆಯಲ್ಲ, ನನಗೆ ಅದೇ ಸಾಕು."

ಮೇಲೆ ಟಕ್ಕಣ್ಣ ಆಗಲೇ ಕುಟ್ಟಿಯಾಗಿತ್ತು. ಟಕ್.

ಕೊನೆಗೆ ಗುಡ್ಡದ ಮೇಲೆ ಕಪ್ಪು ಮೋಡ ಕಾಣಿಸಿತು. ಎಲ್ಲರೂ ಅತ್ತಿ ಮರದ ಮುಂದೆ ಸೇರಿದರು. ಆಮೆಜ್ಜಿ ಕತ್ತು ಉದ್ದ ಮಾಡಿ ಮರ ನೋಡಿದಳು. "ಏನಪ್ಪ ಟಕ್ಕಣ್ಣ, ಇದರಲ್ಲಿ ಮರ ಎಷ್ಟು, ತೂತು ಎಷ್ಟು?"

"ತೂತೇ ಜಾಸ್ತಿ ಅಜ್ಜಿ."

"ಹಾಗಾದರೆ ಪುನುಗಪ್ಪನೇ ಜಾಣ. ಕಲ್ಲು ಅವನಿಗೆ."

ಪುನುಗಪ್ಪ ತುತ್ತತುದಿಯ ಕೊಂಬೆಗೆ ಹತ್ತಿ, ಎದೆ ಉಬ್ಬಿಸಿ, ಎರಡೂ ಕೈ ಎತ್ತಿದ. ಹರಟೆಮಲ್ಲರು ಒಟ್ಟಿಗೇ ಕಿರುಚಿದರು: "ಪುನುಗಪ್ಪನಿಗೆ ಜೈ!"

ಟಕ್ಕಣ್ಣ ಪ್ರಾಮಾಣಿಕ. ಅಷ್ಟು ಬಾಯಿಗೆ ಅಷ್ಟು ತೂತು ಅಂತ ಕೊಕ್ಕು ಎತ್ತಿದ. ಟಕ್. ಟಕ್. ಟ...

ಚರ್‌ರ್‌ರ್!

ಮೂರನೆಯದಕ್ಕೆ ಮರವೇ ಇರಲಿಲ್ಲ. ಅತ್ತಿ ಮರ ಸೊಂಟ ಮುರಿದುಕೊಂಡು ಧಡಾರನೆ ಕುಂಟೆಗೆ ಅಡ್ಡ ಬಿತ್ತು. ಹರಟೆಮಲ್ಲರು ಪುರ್ರಂತ ಹಾರಿದರು. ಪುನುಗಪ್ಪ ಗಾಳಿಯಲ್ಲಿ ಒಂದು ಲಾಗ ಹಾಕಿ ಕೆಸರಿನಲ್ಲಿ ತಲೆಕೆಳಗಾಗಿ ನಾಟಿಕೊಂಡ. ಹಂದಿ ಮಾವ ಕಾಲು ಹಿಡಿದು ಎಳೆದು ಹಾಕಿದ. "ಮುಖ ನೋಡಿಕೊಳ್ಳೋಕೆ ಬಂದೆಯಾ ಅಳಿಯಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ನಗುವ ಗಲಾಟೆಯಲ್ಲೂ ಜಿಂಕೆಗಳು ಬಂದು ಮೊದಲು ನೀರು ಕುಡಿದವು. ಹಂದಿಗಳು ಬದಿಗೆ ನಿಂತು ಕಾದವು. ಯಾರೂ ಸರದಿ ಹೇಳಿರಲಿಲ್ಲ.

"ಮರೀ, ನೀನು ಮೊದಲು ಅಂತ ಹೇಳಿದ್ದು ಯಾರು?" ಅಂತ ಅಜ್ಜಿ ಒಂದು ಜಿಂಕೆಮರಿಯನ್ನು ಕೇಳಿದಳು.

"ನಮ್ಮಮ್ಮ."

"ನಿಮ್ಮಮ್ಮನಿಗೆ?"

ತಾಯಿ ಜಿಂಕೆ ಕಿವಿ ಅಲ್ಲಾಡಿಸಿತು, ಯೋಚಿಸಿತು. ತಟ್ಟನೆ ಹುಣಸೆ ಮರದ ಕಡೆ ತಿರುಗಿತು. "ಅಯ್ಯೋ! ಪಾಪಕ್ಕ ಅಲ್ವಾ?"

ಅಜ್ಜಿ ನಾಚಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಒಳಗಿಂದಲೇ ಹೇಳಿದಳು: "ಪಾಪಕ್ಕ, ಕಲ್ಲು ನಿಂದು. ನಾನೂ ಸ್ವಲ್ಪ ಕೂತು ಕೇಳಬೇಕಿತ್ತು."

ಆ ರಾತ್ರಿ ಮಳೆ ಹೊಯ್ಯಿತು. ಹುಣಸೆ ಮರದ ಕೆಳಗೆ ಪುನುಗಪ್ಪ ಒದ್ದೆಯಾಗಿ ನಿಂತಿದ್ದ.

"ಬಾ ಪೊಟರೆ ಒಳಗೆ," ಅಂದಳು ಪಾಪಕ್ಕ. "ನಮ್ಮನೇಲಿ ಎರಡೇ ತೂತು. ಒಂದಕ್ಕೆ ನಿಮ್ಮಮ್ಮ ಬೆನ್ನು ಕೊಟ್ಟಿದ್ದಾಳೆ, ಇನ್ನೊಂದಕ್ಕೆ ನೀನು ಕೊಡು."

ಪುನುಗಪ್ಪ ಬೆನ್ನು ಕೊಟ್ಟು ಕೂತ. ಕಣ್ಣು ಮುಚ್ಚುವಷ್ಟರಲ್ಲಿ ದೂರದಿಂದ ಹಂದಿಗಳ ಸಂಸಾರ ಇನ್ನೂ ನಗುವುದು ಕೇಳಿಸಿತು: "ಪುನುಗಪ್ಪ ಬಿದ್ದದ್ದು ನೋಡಿದೆಯಾ? ಪುನುಗಪ್ಪ! ಅಯ್ಯೋ, ಪುನುಗಪ್ಪ!"

ಕೊಂಬೆಯ ತುದಿಯಲ್ಲಿ ಒಂದು ಕೆಂಪು ಜುಟ್ಟು ಕಾಣಿಸಿಕೊಂಡಿತು.

"ಪುನುಗಪ್ಪ, ನಿಂದು ಒಂದಷ್ಟು ಬಾಕಿ ಬಂದಿದೆ," ಅಂದ ಟಕ್ಕಣ್ಣ. "ಮರ ಬೇರೆ ಇಲ್ಲ. ಎಲ್ಲಿ ಕುಟ್ಟಲಿ?"

ಅವನ ಕಣ್ಣು ಇದ್ದದ್ದು ಪುನುಗಪ್ಪನ ತಲೆ ಮೇಲೆ.

ನೀತಿ: ಹೆಸರು ಎಷ್ಟು ಸಲ ಬಂತು ಅಂತ ಎಣಿಸಿದರೆ ಸಾಲದು, ಯಾಕೆ ಬಂತು ಅಂತಲೂ ಕೇಳಬೇಕು, ಬರೀ ಎಣಿಕೆಯನ್ನೇ ನಂಬಿದವನಿಗೆ ಕೊನೆಗೆ ಉಳಿಯುವುದು ತೂತು ಮಾತ್ರ.