ದೋಸೆ ಮಾಸ್ಟರ್‌ನ ಬಿಲ್ಲಿಲ್ಲದ ಊಟ

ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೊಟ್ರೇಶ ಎಂಬ ದೋಸೆ ಮಾಸ್ಟರ್ ಇದ್ದ. ಅವನೂ ಅವನ ಹೆಂಡತಿ ದಾಕ್ಷಾಯಣಿಯೂ ಬೇರೆಯಾಗಿ ಮೂರು ವರ್ಷವಾಗಿತ್ತು. ಹನ್ನೊಂದು ವರ್ಷದ ಮಗಳು ಸಿಂಚನಾ ತಾಯಿಯ ಜೊತೆಗಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ತಂದೆಯನ್ನು ನೋಡಲು ಹೋಟೆಲಿಗೆ ಬರುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿ ಅವಳಿಗೊಂದು ದೋಸೆ ಕೊಡುತ್ತಿದ್ದ. ಮಾಲೀಕರು ಅದನ್ನು ಕಂಡೂ ಕಾಣದಂತೆ ಇರುತ್ತಿದ್ದರು. ವಾರದ ಆರು ದಿನ ಕೊಟ್ರೇಶ ಕಾಯುತ್ತಿದ್ದುದು ಆ ಒಂದು ಗಂಟೆಗಾಗಿ.

ಕೋರ್ಟು ಮಗಳಿಗೆಂದು ತಿಂಗಳಿಗೆ ಎರಡು ಸಾವಿರ ಜೀವನಾಂಶ ಗೊತ್ತುಮಾಡಿತ್ತು. ಕೊಟ್ರೇಶ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಆದರೆ ಮಗಳು ಬೆಳೆದಳು. ಶಾಲೆ ದೂರವಾಯಿತು, ಕನ್ನಡಕ ಬಂತು, ಮನೆ ಬಾಡಿಗೆ ಏರಿತು. ದಾಕ್ಷಾಯಣಿ ನಾಲ್ಕೂವರೆ ಸಾವಿರ ಬೇಕೆಂದು ಅರ್ಜಿ ಹಾಕಿದಳು. ನ್ಯಾಯಾಧೀಶರು ಇಬ್ಬರನ್ನೂ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿದರು.

ಅಲ್ಲಿ ಇಂದುಮತಿ ಎಂಬ ಹಿರಿಯ ವಕೀಲೆ ಕುಳಿತಿದ್ದರು. ಕನ್ನಡಕದ ಮೇಲಿಂದ ನೋಡುವ ಅಭ್ಯಾಸ ಅವರಿಗಿತ್ತು. ಅರ್ಧ ಮಾತು ಅವರಿಗೆ ಸೇರುತ್ತಿರಲಿಲ್ಲ.

"ನಿಮ್ಮ ಆದಾಯ ಎಷ್ಟು?" ಎಂದು ಅವರು ಕೊಟ್ರೇಶನನ್ನು ಕೇಳಿದರು.

"ಹನ್ನೆರಡು ಸಾವಿರ ರೀ ಮೇಡಂ. ಇವಳಿಗೆ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದು ಹನ್ನೊಂದು ಸಾವಿರ ಬರ್ತೈತೆ. ಸರಕಾರದಿಂದ ಮನೆ ಯಜಮಾನಿ ಅಂತ ಎರಡು ಸಾವಿರ ಬೇರೆ. ಒಟ್ಟು ಹದಿಮೂರು. ನನಗಿಂತ ಇವಳೇ ಸಾಹುಕಾರ್ತಿ ಆದಳಲ್ಲ! ಜಾಸ್ತಿ ಎಲ್ಲಿಂದ ತರ್ಲಿ?"

"ಇನ್ನೂ ಸಾವಿರ ಐತೆ ರೀ ಮೇಡಂ, ಬರ್ಕೊಳ್ಳಿ," ಎಂದಳು ದಾಕ್ಷಾಯಣಿ. "ಸಂಜೆ ಹೆಚ್ಚು ಹೊತ್ತು ಕೂತು ಹೊಲಿದ್ರೆ ತಿಂಗಳಿಗೆ ಅಷ್ಟು ಬರ್ತೈತೆ. ಆ ಮನುಷ್ಯನಿಗೆ ಅದು ಗೊತ್ತಿಲ್ಲ."

ಕೊಟ್ರೇಶ ಬೆರಗಾಗಿ ಅವಳತ್ತ ನೋಡಿದ. ಅವಳು ಮಾತು ಮುಂದುವರಿಸಿದಳು.

"ಸಾಲದಿದ್ರೆ ಜೂನ್ ತಿಂಗಳಿಂದ ಸಿಂಚನಾನ ಹರಪನಹಳ್ಳಿಯಲ್ಲಿ ನಮ್ಮ ಅವ್ವನ ಹತ್ರ ಬಿಡ್ತೀನಿ. ನನಗೆ ಬೇರೆ ದಾರಿ ಇಲ್ಲ."

ಹರಪನಹಳ್ಳಿ ಎಂದರೆ ಭಾನುವಾರದ ಆ ಒಂದು ಗಂಟೆ ಇಲ್ಲವಾದಂತೆ. ಕೊಟ್ರೇಶನ ಮುಖ ಬಾಡಿತು. ಆದರೂ, "ಇಲ್ಲದ ದುಡ್ಡು ಎಲ್ಲಿಂದ ಕೊಡ್ಲಿ ರೀ? ಕೋರ್ಟು ಹೇಳಿದ ದುಡ್ಡು ಬಿಟ್ರೆ, ಭಾನುವಾರ ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ಮಗಳಿಗೆ ಒಂದು ದೋಸೆ ಕೊಡೋದಷ್ಟೇ ನನ್ನ ಕೈಲಾಗೋದು," ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಲೆಕ್ಕ ತಪ್ಪಾಗಿತ್ತು, ಅಷ್ಟೇ. ಸುಳ್ಳಿಗೂ ತಪ್ಪಿಗೂ ಇರುವ ವ್ಯತ್ಯಾಸ ಇಂದುಮತಿಯವರಿಗೆ ಚೆನ್ನಾಗಿ ಗೊತ್ತಿತ್ತು.

"ಒಂದು ಕೆಲಸ ಮಾಡಿ," ಎಂದರು. "ಈ ಭಾನುವಾರ ಮಗಳನ್ನು ಬಾಗಿಲಲ್ಲಿ ನಿಲ್ಲಿಸಬೇಡಿ. ಗಿರಾಕಿಗಳ ಹಾಗೆ ಇಬ್ಬರೂ ಟೇಬಲ್ಲಿಗೆ ಕೂತು ತಿನ್ನಿ. ಇಬ್ಬರ ಬಿಲ್ಲನ್ನೂ ನನಗೆ ತಂದು ತೋರಿಸಿ. ಇಬ್ಬರದೂ."

ಭಾನುವಾರ ಬಂತು. ಕೊಟ್ರೇಶ ಒಂದು ಗಂಟೆ ರಜೆ ಕೇಳಿಕೊಂಡು, ತಲೆ ಬಾಚಿ, ಮಗಳ ಎದುರಿಗೆ ಕುಳಿತ. ಹತ್ತು ವರ್ಷದಲ್ಲಿ ಆ ಹೋಟೆಲಿನ ಕುರ್ಚಿಯ ಮೇಲೆ ಅವನು ಕುಳಿತದ್ದು ಅದೇ ಮೊದಲು. ಬೇರೆಯವರು ಹುಯ್ದ ದೋಸೆ ಬಂತು.

"ಅಪ್ಪಾಜಿ, ನಿನ್ನ ದೋಸೆ ಇದಕ್ಕಿಂತ ಗರಿಗರಿ," ಎಂದಳು ಸಿಂಚನಾ.

"ಮೆಲ್ಲಗೆ ಹೇಳು. ಹುಯ್ದವನಿಗೆ ಕೇಳಿಸಿದ್ರೆ ನಾಳೆ ನನ್ನ ಚಹಾಕ್ಕೆ ಸಕ್ಕರೆ ಹಾಕೋದಿಲ್ಲ."

ಅವಳು ನಕ್ಕಳು. ಅರ್ಧ ದೋಸೆ ತಿಂದು ಉಳಿದರ್ಧವನ್ನು ಬಾಳೆಲೆಯ ಚೂರಿನಲ್ಲಿ ಸುತ್ತತೊಡಗಿದಳು.

"ಯಾಕವ್ವಾ, ಸೇರಲಿಲ್ಲವೇನು?"

"ಅಮ್ಮನಿಗೆ. ಭಾನುವಾರ ಬೆಳಿಗ್ಗೆ ಅಮ್ಮ ಒಲೆ ಹಚ್ಚೋದಿಲ್ಲ. ನಾನು ಇಲ್ಲಿ ತಿಂತೀನಲ್ಲ. ಒಬ್ಬಳಿಗೇ ಅಂತ ಗ್ಯಾಸ್ ಯಾಕೆ ಸುಡ್ಬೇಕು ಅಂತ ಮಂಡಕ್ಕಿ ತಿಂದು ನೀರು ಕುಡಿತಾಳೆ."

ಕೊಟ್ರೇಶನ ಕೈಯ ತುತ್ತು ಕೈಯಲ್ಲೇ ಉಳಿಯಿತು. ತಾನು ಕೊನೆಯ ಸಲ ಗ್ಯಾಸಿಗೆ ದುಡ್ಡು ಕೊಟ್ಟದ್ದು ಯಾವಾಗ? ನೆನಪಾಗಲಿಲ್ಲ. ಅಕ್ಕಿ, ಎಣ್ಣೆ, ಬಾಡಿಗೆ, ಕರೆಂಟು? ಅವೂ ನೆನಪಾಗಲಿಲ್ಲ.

ಎದ್ದು ಗಲ್ಲಾದ ಬಳಿ ಹೋದ. ಮಾಲೀಕ ಮಹಾರುದ್ರಪ್ಪನವರು ಒಂದು ದೋಸೆಗೆ ಎಪ್ಪತ್ತು ರೂಪಾಯಿಯ ಬಿಲ್ಲು ಹರಿದು ಕೊಟ್ಟರು.

"ಸಾಹುಕಾರ್ರೇ, ಎರಡು ದೋಸೆ. ನಂದೂ ಬರೀರಿ."

"ಮಗಳು ಇವತ್ತು ಟೇಬಲ್ಲಿಗೆ ಕೂತಾಳೆ, ಗಿರಾಕಿ. ಅವಳಿಗೆ ಬಿಲ್ಲು. ನಿನಗೆ ಎಂಥಾ ಬಿಲ್ಲೋ ಮಾರಾಯ? ಈ ಊರಲ್ಲಿ ಹನ್ನೆರಡು ಸಾವಿರಕ್ಕೆ ಯಾವ ಮಾಸ್ಟರ್ ಬರ್ತಾನೆ? ಊಟ, ರೂಮು, ಕರೆಂಟು ಎಲ್ಲಾ ಸೇರಿ ಆರು ಸಾವಿರ ಅಂತ ಹಿಡಿದೇ ಅಲ್ಲವೇನು, ನೀನು ಇಲ್ಲೇ ಇರೋಕೆ ಬಂದಾಗ ನಾವು ಮಾತಾಡಿದ್ದು? ಹೊರಗೆ ಮನೆ ಮಾಡ್ಕೊಂಡು ಇರ್ತೀನಿ ಅನ್ನು, ನಾಳೆಯಿಂದಲೇ ಹದಿನೆಂಟು ಎಣಿಸ್ತೀನಿ."

ಕೊಟ್ರೇಶ ಎಪ್ಪತ್ತು ರೂಪಾಯಿ ಕೊಟ್ಟು, ಒಂದೇ ಬಿಲ್ಲನ್ನು ಜೇಬಿಗೆ ಹಾಕಿಕೊಂಡ.

ಮುಂದಿನ ವಾಯಿದೆಯ ದಿನ ಇಂದುಮತಿಯವರು ಕೈ ಚಾಚಿದರು. "ಎರಡು ಬಿಲ್ಲು ಹೇಳಿದ್ದೆ."

"ಒಂದೇ ಐತೆ ರೀ ಮೇಡಂ. ಇನ್ನೊಂದು ನನ್ನ ಸಂಬಳದೊಳಗೇ ಐತಂತೆ." ಅವನು ತಲೆ ತಗ್ಗಿಸಿದ. "ಇವಳಿಗೆ ಬರೋ ಎರಡು ಸಾವಿರ ನನ್ನ ಕಣ್ಣಿಗೆ ಬಿತ್ತು. ನಾನು ದಿನಾ ತಿನ್ನೋ ಅನ್ನ ಬೀಳಲಿಲ್ಲ. ಹನ್ನೆರಡು ಹೊಡೆದು ಹಾಕಿ ಹದಿನೆಂಟು ಅಂತ ಬರೀರಿ."

ಇಂದುಮತಿಯವರು ಪೆನ್ನು ತೆಗೆದರು. ಮಗಳ ತಿಂಗಳ ಖರ್ಚು ಏಳೂವರೆ ಸಾವಿರ. ತಂದೆಯ ಆದಾಯ ಹದಿನೆಂಟು, ತಾಯಿಯದು ಎಲ್ಲವೂ ಸೇರಿ ಹದಿನಾಲ್ಕು. ಅವರವರ ಆದಾಯಕ್ಕೆ ತಕ್ಕಂತೆ ಹಂಚಿದಾಗ ತಂದೆಯ ಪಾಲು ಸುಮಾರು ನಾಲ್ಕು ಸಾವಿರದ ಇನ್ನೂರು ಬಂತು.

"ಇವಳು ಕೇಳಿದ್ದು ನಾಲ್ಕೂವರೆ ರೀ," ಎಂದ ಕೊಟ್ರೇಶ. "ಅಷ್ಟೇ ಬರೀರಿ."

"ತಮ್ಮ ಹೆಚ್ಚಿನ ಸಾವಿರವನ್ನು ಅವರೇ ಬಾಯಿಬಿಟ್ಟು ಹೇಳಿದ್ದರಿಂದ ನಿಮಗೆ ಕಡಿಮೆಯಾಯಿತು. ಆ ಪ್ರಾಮಾಣಿಕತೆಗೆ ಮರ್ಯಾದೆ ಕೊಡಿ. ಇಲ್ಲಿ ಲೆಕ್ಕವಷ್ಟೇ ಬರೆಯುತ್ತೇನೆ. ಔದಾರ್ಯವೇನಿದ್ದರೂ ಹೊರಗೆ ತೋರಿಸಿ," ಎಂದು ಇಂದುಮತಿಯವರು ಕಾಗದವನ್ನು ಸಹಿಗೆ ತಳ್ಳಿದರು.

ಸಿಂಚನಾ ಹರಪನಹಳ್ಳಿಗೆ ಹೋಗಲಿಲ್ಲ. ಜೂನ್ ತಿಂಗಳಲ್ಲಿ ಶಾಲೆಯ ವ್ಯಾನು ಹತ್ತಿದಳು.

ಅಂದಿನಿಂದ ಭಾನುವಾರ ಅವಳು ಮನೆಗೆ ಮರಳುವಾಗ ಕೈಯಲ್ಲಿ ಒಂದು ಪೊಟ್ಟಣ ಇರುತ್ತಿತ್ತು. ಅದರೊಳಗೆ ಇಡೀ ಒಂದು ದೋಸೆ. ಮೇಲೆ ಎಪ್ಪತ್ತು ರೂಪಾಯಿಯ ಬಿಲ್ಲು.

"ಬಿಲ್ಲು ಯಾಕೆ ಅಂಟಿಸಿದಾನೆ?" ಎಂದು ಮೊದಲ ಭಾನುವಾರ ದಾಕ್ಷಾಯಣಿ ಕೇಳಿದಳು.

"ಹೋಟೆಲಿನವರು ಕೊಟ್ಟಿದ್ದಲ್ಲ, ಅಪ್ಪಾಜಿ ಜೇಬಿಂದು ಅಂತ ನಿನಗೆ ಗೊತ್ತಾಗಲಿ ಅಂತೆ."

ದಾಕ್ಷಾಯಣಿ ದೋಸೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ತಿಂದಳು.

"ಚಟ್ನಿಗೆ ಉಪ್ಪು ಜಾಸ್ತಿ ಆಗೈತೆ ಅಂತ ಹೇಳು," ಎಂದಳು. ಆದರೆ ಬಿಲ್ಲನ್ನು ಎಸೆಯಲಿಲ್ಲ. ಮಡಿಸಿ ಮಂಡಕ್ಕಿ ಡಬ್ಬಿಯ ಕೆಳಗೆ ಇಟ್ಟಳು.

ನೀತಿ: ಕೈಗೆ ಬರುವ ಹಣದ ಜೊತೆಗೆ, ನಾವು ಖರ್ಚು ಮಾಡಬೇಕಾಗಿ ಬಾರದ ಹಣವೂ ನಮ್ಮ ಆದಾಯವೇ. ಗಂಡ ಹೆಂಡತಿ ಬೇರೆಯಾಗಬಹುದು. ಮಗುವಿಗೆ ಇಬ್ಬರೂ ಬೇಕು. ಅದರ ಪಾಲನ್ನು ಗೊತ್ತುಮಾಡಲು ಕುಳಿತಾಗ, ಎದುರಿನವರ ತಟ್ಟೆಯನ್ನು ನೋಡುವ ಮೊದಲು ನಮ್ಮ ತಟ್ಟೆಯಲ್ಲಿ ಇರುವುದನ್ನೆಲ್ಲ ಹೇಳಬೇಕು.